ಹೂವಿಲ್ಲದ ಪೀಠಗಳ ಮುಂದೆ

ನಿಶ್ಚಿತಾರ್ಥದ ಊಟದ ಪಾತ್ರೆಗಳು ಇನ್ನೂ ಒಣಗಿರಲಿಲ್ಲ, ಫೋನಿನಲ್ಲಿ ಮೊದಲ ಪ್ರಶ್ನೆ ಬಂತು: "ಹಾಲ್ ಸಿಕ್ಕಿತಾ?" ಹುಡುಗ ಯಾರು, ಎಲ್ಲಿಯವನು, ಏನು ಕೆಲಸ ಎಂದು ಕೇಳಿದ್ದು ಆಮೇಲೆ. ಒಂದು ವಾರದಲ್ಲಿ ಆ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡೆನೆಂದರೆ, ಮಗಳ ಮದುವೆ ಎಂದರೆ ಒಂದು ಸಭಾಂಗಣ ಹಿಡಿಯುವ ಕೆಲಸ ಎಂದೇ ನನಗೂ ಅನ್ನಿಸತೊಡಗಿತ್ತು. ಮಗಳ ಫೋನಿನಲ್ಲಿ ಆಗಲೇ ಮೂವತ್ತಕ್ಕೂ ಹೆಚ್ಚು ಜಾಗಗಳ ಚಿತ್ರಗಳಿದ್ದವು. ಕನಕಪುರ ರಸ್ತೆಯ ರೆಸಾರ್ಟುಗಳು, ದೇವನಹಳ್ಳಿ ಕಡೆಯ ಹುಲ್ಲುಹಾಸುಗಳು, ಕೊಳದ ಪಕ್ಕ ಬಿಳಿ ಕುರ್ಚಿಗಳ ಸಾಲು, ಅದರ ಕೊನೆಯಲ್ಲಿ ಹೂವಿನ ಕಮಾನು. ಒಂದೆರಡು ಕಡೆ ಕಮಾನಿನ ನಡುವೆ ಹೂವಿನದೇ ಶಿಲುಬೆಯನ್ನೂ ನಿಲ್ಲಿಸಿದ್ದರು.

"ಪೂಜೆಯೂ ಇಲ್ಲೇ ಆಗಬಹುದಲ್ಲಮ್ಮಾ? ಚರ್ಚಿನಿಂದ ಹಾಲಿಗೆ ಓಡಾಡುವುದು ತಪ್ಪುತ್ತದೆ" ಎಂದಳು.

ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾಕೆ ಆಗುವುದಿಲ್ಲ ಎಂದು ತಿಳಿಸಿ ಹೇಳುವಷ್ಟು ಗೊತ್ತಿರಲಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಬೆಂಗಳೂರಿನ ಧರ್ಮಕೇಂದ್ರದ ಫಾದರ್ ಅವರನ್ನು ನಾನು, ಮಗಳು, ಹುಡುಗ ಮೂವರೂ ಹೋಗಿ ಕಂಡೆವು. ಅವರು ಸಿಟ್ಟಾಗಲಿಲ್ಲ. ಇಬ್ಬರು ಕಥೋಲಿಕರ ಮದುವೆ ವಧುವಿನ ಇಲ್ಲವೇ ವರನ ಧರ್ಮಕೇಂದ್ರದ ದೇವಾಲಯದಲ್ಲಿ ಆಗಬೇಕು, ಬೇರೆ ದೇವಾಲಯ ಬೇಕಾದರೆ ತಮ್ಮ ಧರ್ಮಗುರುಗಳ ಒಪ್ಪಿಗೆ ಪತ್ರ ಒಯ್ಯಬೇಕು, 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಇದೆಲ್ಲ ಬರೆದಿದೆ ಎಂದು ನಿಧಾನವಾಗಿ ಹೇಳಿದರು. ಹಾಗೆಯೇ ಇನ್ನೊಂದು ಮಾತು: "ಮೊದಲು ದೇವಾಲಯ, ಆಮೇಲೆ ಹಾಲ್. ಹೆಚ್ಚಿನವರು ಹಾಲಿಗೆ ಮುಂಗಡ ಕೊಟ್ಟು, ತಾರೀಖು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಆ ದಿನ ಇಲ್ಲಿ ಬೇರೆ ಮೂರು ಮದುವೆ ಇರುತ್ತದೆ."

ಹಾಗಾದರೆ ಯಾವ ದೇವಾಲಯ? ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು. ಇಪ್ಪತ್ತಾರು ವರ್ಷದ ಬೆಂಗಳೂರು ವಾಸದಲ್ಲಿ ಬಾಡಿಗೆ ಮನೆಗಳ ಜೊತೆ ನಾವು ನಾಲ್ಕು ಧರ್ಮಕೇಂದ್ರಗಳನ್ನು ಬದಲಿಸಿದ್ದೇವೆ. ಈಗಿನದರಲ್ಲಿ ನಮ್ಮ ಹೆಸರು ಬಲ್ಲವರು ಹತ್ತು ಮನೆಯವರೂ ಇಲ್ಲ. ನನ್ನ ತವರು ದಕ್ಷಿಣ ಕನ್ನಡ, ಬಂಟ್ವಾಳದಿಂದ ಒಳಗೆ. ನಾವು ಕೊಂಕಣಿಯಲ್ಲಿ ಪ್ರಾರ್ಥಿಸುವವರು. ಹುಡುಗನದು ಹಾಸನ ಜಿಲ್ಲೆಯ ಕಥೋಲಿಕ ಮನೆತನ. ಅವರ ಮಾತೂ ಪ್ರಾರ್ಥನೆಯೂ ಜಗಳವೂ ಕನ್ನಡದಲ್ಲೇ. ಇಬ್ಬರೂ ಭೇಟಿಯಾದದ್ದು ಬೆಂಗಳೂರಿನ ಇಂಗ್ಲಿಷ್ ಪೂಜೆಯಲ್ಲಿ. ಮೂರರಲ್ಲಿ ಯಾವ ಭಾಷೆಯಲ್ಲಿ ಮದುವೆ ಎಂದು ಆಗ ಯಾರೂ ಕೇಳಿಕೊಳ್ಳಲಿಲ್ಲ.

ಮಾರ್ಚ್ ತಿಂಗಳಲ್ಲಿ ನಾಲ್ಕು ದಿನ ರಜೆ ಹೊಂದಿಸಿಕೊಂಡು ಹೊರಟೆವು. ತಪಸ್ಸುಕಾಲ ನಡೆಯುತ್ತಿತ್ತು. ವಿಭೂತಿ ಬುಧವಾರದಿಂದ ಈಸ್ಟರ್‌ವರೆಗೆ ನಮ್ಮ ಕಡೆ ಮದುವೆ ನಡೆಸುವ ವಾಡಿಕೆಯಿಲ್ಲ. ಪೀಠದ ಮೇಲೆ ಹೂವಿರುವುದಿಲ್ಲ, ಧರ್ಮಗುರುಗಳ ಉಡುಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮದುವೆಗೆ ದೇವಾಲಯ ನೋಡಲು ಇದು ತಪ್ಪು ಸಮಯ ಎಂದು ನನ್ನ ತಂಗಿ ಬೇಡ ಎಂದಳು. ಬಣ್ಣದ ಬಟ್ಟೆ, ಹೂವು, ದೀಪ ಯಾವುದೂ ಇಲ್ಲದೆ ಕಲ್ಲು, ಮರ, ಸುಣ್ಣ ಮಾತ್ರ ಕಾಣುವ ಇಂಥ ದಿನಗಳೇ ಸರಿ ಎಂದು ಈಗ ನನಗೆ ಖಚಿತವಾಗಿದೆ.

ಮೊದಲ ನಿಲುಗಡೆ ಹಾಸನ. ಹುಡುಗನ ಅಜ್ಜಿಗೆ ಎಂಬತ್ತು ದಾಟಿದೆ. ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದು ಮಂಡಿಗೆ ಒಪ್ಪಿಕೊಂಡಿಲ್ಲ. ಊಟ ಬಡಿಸುತ್ತಾ, "ಚರ್ಚು ಹುಡುಕ್ತಾ ಇದೀರಂತೆ. ನನ್ನ ಮದುವೆ ಆದ ಚರ್ಚು ನೋಡ್ತೀಯೇನಮ್ಮ?" ಎಂದು ಮಗಳನ್ನು ಕೇಳಿದರು. ಅವರು 1962ರಲ್ಲಿ ಮದುವೆಯಾದದ್ದು ಶೆಟ್ಟಿಹಳ್ಳಿಯಲ್ಲಿ.

ಶೆಟ್ಟಿಹಳ್ಳಿಯ ಹೆಸರನ್ನು ಈಗ ಕನ್ನಡನಾಡಿನಲ್ಲಿ ಕೇಳದವರು ಕಡಿಮೆ. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲುವ ಚರ್ಚು. ಹಾಸನದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದು, 1979ರಲ್ಲಿ ಕೆಲಸ ಮುಗಿದು, ಹಿನ್ನೀರು ಊರಿನ ಮೇಲೆ ಬಂತು. ಜನ ಬೇರೆ ಕಡೆ ಹೋದರು, ಚರ್ಚು ಉಳಿಯಿತು. ಮಾರ್ಚಿನಲ್ಲಿ ನೀರು ಬಹಳ ಹಿಂದೆ ಸರಿದಿರುತ್ತದೆ. ಬಿರುಕುಬಿಟ್ಟ ಕೆಸರುನೆಲದ ಮೇಲೆ ಹಸಿರು ಹುಲ್ಲು, ಹುಲ್ಲಿನ ಮೇಲೆ ಹಸುಗಳು, ಅದರಾಚೆ ಮಾಡಿಲ್ಲದ ಎತ್ತರದ ಗೋಡೆಗಳು. ಇಟ್ಟಿಗೆ ಕಾಣುತ್ತದೆ, ಗಾರೆ ಉದುರಿದೆ. ಬೆಲ್ಲ ಮೊಟ್ಟೆ ಬೆರೆಸಿ ಕಲಸಿದ ಗಾರೆ ಎಂದು ಊರವರು ಹೇಳುತ್ತಾರೆ. ಕಮಾನುಗಳು ಮೇಲೆ ಹೋಗಿ ಚೂಪಾಗಿ ಕೂಡಿ, ಆಕಾಶವನ್ನು ಎರಡು ಅಂಗೈ ಜೋಡಿಸಿದಂತೆ ಹಿಡಿದಿವೆ. ಕೆಲವು ಕಡೆ ಗೋಡೆ ಬಿದ್ದು ರಾಶಿಯಾಗಿದೆ.

ಒಳಗೆ ಆಗಲೇ ಒಂದು ಜೋಡಿ ಇತ್ತು. ಮದುವೆಗೆ ಮುಂಚಿನ ಫೋಟೊ. ಹುಡುಗಿಯ ನೀಲಿ ಉಡುಪಿನ ಸೆರಗು ಹತ್ತು ಅಡಿ ಹಿಂದೆ ಹರಡಿತ್ತು, ಒಬ್ಬ ಹುಡುಗ ಅದನ್ನು ಎತ್ತಿ ಎತ್ತಿ ಬಿಡುತ್ತಿದ್ದ, ತಲೆಯ ಮೇಲೆ ಡ್ರೋನ್ ಗುಂಯ್‌ಗುಡುತ್ತಿತ್ತು. ಫೋಟೊ ತೆಗೆಯುವವನು ಬಂದು, ಹತ್ತು ನಿಮಿಷ ಆಚೆ ನಿಲ್ಲಲು ಸಾಧ್ಯವೇ ಎಂದು ವಿನಯದಿಂದ ಕೇಳಿದ. ಅಜ್ಜಿ ತಾವೇ ಮೊದಲು ಪಕ್ಕಕ್ಕೆ ಸರಿದು ಒಂದು ಕಲ್ಲಿನ ಮೇಲೆ ಕುಳಿತರು. ಅವರ ಮುಖ ನೋಡಿ ನನಗೆ ತಡೆಯಲಾಗದೆ, ಇವರು ಇಲ್ಲೇ ಮದುವೆಯಾದವರು ಎಂದು ಅವನಿಗೆ ಹೇಳಿಬಿಟ್ಟೆ. ಅವನು ಹೋಗಿ ಆ ಹುಡುಗಿಗೆ ಹೇಳಿದನೇನೋ, ಅವಳು ಎರಡು ಕೈಯಲ್ಲೂ ಉಡುಪು ಎತ್ತಿಕೊಂಡು ಕಲ್ಲುಗಳ ಮೇಲೆ ಕಾಲಿಡುತ್ತಾ ನಮ್ಮ ಹತ್ತಿರ ಬಂದಳು. "ಅಜ್ಜಿ, ನೀವು ಯಾವ ಬಾಗಿಲಿಂದ ಒಳಗೆ ಬಂದಿದ್ರಿ?" ಎಂದು ಕೇಳಿದಳು. ಅಜ್ಜಿ ಕೋಲು ಎತ್ತಿ ತೋರಿಸಿದರು. ಆ ಹುಡುಗಿ ಅಲ್ಲಿಗೆ ಹೋಗಿ, ಅಜ್ಜಿ ಬಂದ ಕಡೆಯಿಂದಲೇ ಪೀಠವಿದ್ದ ಜಾಗದವರೆಗೆ ನಡೆದಳು. ಡ್ರೋನ್ ಆಗ ಕೆಳಗಿತ್ತು. ಅದು ಅವರ ಫೋಟೊದಲ್ಲಿ ಬಂದಿರಲಾರದು.

ಅಜ್ಜಿಗೆ ಮಾತು ಬಂತು. "ಅವಾಗೆಲ್ಲ ಪೂಜೆ ಲತೀನು ಕಣಮ್ಮ. ಏನು ಹೇಳ್ತಾರೆ ಅಂತ ಒಬ್ಬರಿಗೂ ಗೊತ್ತಿಲ್ಲ. ಫಾದರ್ ಆ ಕಡೆ ಮುಖ ಮಾಡಿ ಹೇಳೋರು, ನಾವು ಎದ್ದು ಕೂತು ಮಾಡೋದು. ಆದ್ರೆ ನಮ್ಮ ಕಡೆ ತಿರುಗಿ ಕೇಳಿದ ಮಾತು ಮಾತ್ರ ಕನ್ನಡ. ಒಪ್ಪಿಗೆಯಾ ಅಂದ್ರು. ಒಪ್ಪಿಗೆ ಅಂದೆ. ಆ ದಿನದ್ದು ಇನ್ನೇನೂ ಜ್ಞಾಪಕ ಇಲ್ಲ. ಏನು ಊಟ ಹಾಕಿದ್ರು, ಯಾರ್ಯಾರು ಬಂದಿದ್ರು, ಒಂದೂ ಇಲ್ಲ. ಆ ಮಾತು ಇದೆ."

ನಾನು ಹುಟ್ಟುವ ಹೊತ್ತಿಗೆ ಪೂಜೆ ಕೊಂಕಣಿಗೆ ಬಂದಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1962ರ ಅಕ್ಟೋಬರಿನಲ್ಲಿ ಸೇರಿ 1965ರಲ್ಲಿ ಮುಗಿಯಿತು. ಆಯಾ ಜನರ ಭಾಷೆ ಪೀಠದ ಮೇಲಕ್ಕೆ ಹತ್ತಿದ್ದು ಆ ಸಭೆಯಿಂದ. ಆದರೆ ಅದಕ್ಕೂ ಮುಂಚೆ, ಉಳಿದೆಲ್ಲವೂ ಲತೀನಿನಲ್ಲಿ ನಡೆಯುತ್ತಿದ್ದಾಗಲೂ, ಮದುಮಕ್ಕಳ ಒಪ್ಪಿಗೆಯನ್ನು ಅವರ ಮನೆಮಾತಿನಲ್ಲಿ ಕೇಳುವ ರೂಢಿಯಿತ್ತು ಎಂಬುದು ನನ್ನ ತಲೆಗೆ ಹೋಗಿದ್ದು ಆ ದಿನ, ಮಾಡಿಲ್ಲದ ಆ ಗೋಡೆಗಳ ನಡುವೆ. ಅರ್ಥವಾಗದೆ ಹೇಳಿದ ಒಪ್ಪಿಗೆ ಒಪ್ಪಿಗೆಯಾಗುವುದಿಲ್ಲ ಎಂದು ಧರ್ಮಸಭೆಗೆ ಯಾವತ್ತೂ ಗೊತ್ತಿತ್ತು.

ಮಗಳು ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಅಜ್ಜಿಯನ್ನು ಮನೆಗೆ ಬಿಟ್ಟು ಘಟ್ಟ ಇಳಿಯುವುದೆಂದು ನಮ್ಮ ಲೆಕ್ಕ. ಮನೆ ಮುಂದೆ ಕಾರು ನಿಂತಾಗ ಅಜ್ಜಿ ಇಳಿಯಲಿಲ್ಲ. "ನನ್ನ ಸೀರೆ, ಮಾತ್ರೆ ತಗೊಂಡು ಬಾ. ಎಲ್ಲಿ ಮಾಡ್ತೀರೋ ನಾನೂ ನೋಡ್ತೀನಿ" ಎಂದು ಮೊಮ್ಮಗನಿಗೆ ಹೇಳಿದರು. ಹೀಗೆ ನಾವು ನಾಲ್ಕು ಜನರಾದೆವು. ಪ್ರತಿ ದೇವಾಲಯದ ಮುಂದೆ ನಾನು ಮೊದಲು ಮೆಟ್ಟಿಲು ಎಣಿಸತೊಡಗಿದ್ದು ಅಲ್ಲಿಂದ.

ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಕತ್ತಲಾಗುತ್ತಿತ್ತು. ಕಾಡು ಎರಡೂ ಕಡೆಯಿಂದ ಹತ್ತಿರ ಬರುವ ಆ ತಿರುವುಗಳಲ್ಲಿ ಅಮ್ಮ, ಎಂದರೆ ನಮ್ಮ ಮಾಯ್, ತಪಸ್ಸುಕಾಲ ಬಂದಾಗಲೆಲ್ಲ ಹೇಳುತ್ತಿದ್ದ ಕಥೆ ನೆನಪಾಯಿತು. 1784ರ ಫೆಬ್ರವರಿಯ ವಿಭೂತಿ ಬುಧವಾರ ಕರಾವಳಿಯ ಕಥೋಲಿಕರನ್ನು ಟಿಪ್ಪುವಿನ ಸೈನಿಕರು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು, ಇಗರ್ಜಿಗಳನ್ನು ಕೆಡವಿದ್ದು. ಇದೇ ಘಟ್ಟಸಾಲನ್ನು ಅವರು ನಡೆದು ಹತ್ತಿದರು. 1799ರ ನಂತರ ಬದುಕುಳಿದವರು ಇಳಿದು ಬಂದರು. ಅದೇ ಹೊತ್ತಿಗೆ ಶ್ರೀರಂಗಪಟ್ಟಣದ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ 1823ರವರೆಗೂ ಮೈಸೂರು ಸೀಮೆಯಲ್ಲಿ ಉಳಿದು, ಸಿಡುಬಿಗೆ ಲಸಿಕೆ ಹಾಕಿಸುತ್ತಾ ಊರೂರು ತಿರುಗಿದರು. ನಮ್ಮವರ ಕಥೆ ಮೈಸೂರು ಸೀಮೆಯವರ ಕಥೆಯನ್ನು ಹಿಂದೆಯೇ ಒಮ್ಮೆ ಮುಟ್ಟಿ ಹೋಗಿದೆ ಎಂದು ಯೋಚಿಸುತ್ತಾ ಹಿಂದಿನ ಸೀಟಿಗೆ ತಿರುಗಿ ನೋಡಿದೆ. ಅಜ್ಜಿ ಮಗಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು.

ಮಂಗಳೂರಿನಲ್ಲಿ ಮಗಳಿಗೆ ಮೊದಲು ನೋಡಬೇಕಾಗಿದ್ದದ್ದು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಅದು ಕಾಲೇಜಿನ ಪ್ರಾರ್ಥನಾಲಯ, ಧರ್ಮಕೇಂದ್ರವಲ್ಲ ಎಂದು ಗೊತ್ತಿದ್ದೂ ಹೋದೆವು. ಹೋಗಿದ್ದಕ್ಕೆ ನನಗೆ ಬೇಸರವಿಲ್ಲ. 1880ರ ದಶಕದ ಕಟ್ಟಡ. ಇಟಲಿಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಬಂದು, ಸುಮಾರು ಎರಡು ವರ್ಷಗಳಲ್ಲಿ ಗೋಡೆ, ಕಮಾನು, ಚಾವಣಿ ಎಲ್ಲವನ್ನೂ ಬಣ್ಣದಲ್ಲಿ ತುಂಬಿದರು. ಗೋಡೆಯ ಮೇಲೆ ಹಸಿ ಗಾರೆಗೆ ಬಣ್ಣ ಕುಡಿಸಿದ ಫ್ರೆಸ್ಕೋ, ಚಾವಣಿಯಲ್ಲಿ ಬಟ್ಟೆಯ ಮೇಲೆ ತೈಲಚಿತ್ರ. ಮಂಗಳೂರಿನ ಸೆಕೆ, ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಯಲ್ಲಿ ಹಸಿ ಗಾರೆ ಒಣಗುವ ಮೊದಲೇ ಕೈ ಓಡಿಸಬೇಕಾದ ಕೆಲಸವನ್ನು ಒಬ್ಬ ಮನುಷ್ಯ ಮಾಡಿ ಮುಗಿಸಿದ್ದು ಯೋಚಿಸಿದರೆ ಈಗಲೂ ನನ್ನ ಎದೆ ತುಂಬುತ್ತದೆ. ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ಮರಳಲಿಲ್ಲ. ಅಜ್ಜಿ ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ತಲೆಯೆತ್ತಿ ನೋಡಿದರು. "ಇಲ್ಲಿ ಮದುವೆ ಬೇಡ. ಬಂದವರೆಲ್ಲ ಮೇಲೆ ನೋಡ್ತಾರೆ, ಮಕ್ಕಳನ್ನ ಯಾರು ನೋಡ್ತಾರೆ?" ಎಂದರು. ಮಗಳು ಫೋನನ್ನು ಚೀಲಕ್ಕೆ ಹಾಕಿದಳು.

ಅಲ್ಲಿಂದ ರೊಜಾರಿಯೊ ಕೆಥೆಡ್ರಲ್. ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ, ಇಲ್ಲಿ ಮೊದಲ ದೇವಾಲಯ ಎದ್ದಿತ್ತು. ಈಗಿನ ಗುಮ್ಮಟದ ಕಟ್ಟಡಕ್ಕೆ ಸುಮಾರು ನೂರು ವರ್ಷ. ಒಳಗೆ ಯಾರೂ ಇರಲಿಲ್ಲ. ಹುಡುಗನನ್ನು ಪೀಠದ ಹತ್ತಿರ ನಿಲ್ಲಿಸಿ ಏನಾದರೂ ಮಾತಾಡು ಎಂದೆ. ಶೆಟ್ಟಿಹಳ್ಳಿಯಿಂದ ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಇದೇ: ಹೇಳಿದ ಮಾತು ಎಷ್ಟು ದೂರ ತಲುಪುತ್ತದೆ? ಅವನ ಮಾತು ಗುಮ್ಮಟಕ್ಕೆ ಏರಿ, ಅಲ್ಲಿ ಸುತ್ತಿ, ಒಂದರ ಮೇಲೊಂದು ಬಿದ್ದು ನಮ್ಮ ಬಳಿಗೆ ಬಂತು. ಹಾಡಿಗೆ ಅದು ಎಷ್ಟು ಚೆಂದವೋ! ಕ್ರಿಸ್‌ಮಸ್ ರಾತ್ರಿ ಗಾಯನ ವೃಂದ ಹಾಡುವಾಗ ನಾನೇ ಇಲ್ಲಿ ಕಣ್ಣು ತುಂಬಿಕೊಂಡಿದ್ದೇನೆ. ಮೈಕ್ ಇರುತ್ತದಲ್ಲ ಆಂಟಿ ಎಂದ ಹುಡುಗ. ಇರುತ್ತದೆ. ಆದರೂ ಅಜ್ಜಿಯ ಕಿವಿಯಂತ್ರ ಗುಂಯ್‌ಗುಟ್ಟುತ್ತದೆ.

ಹಂಪನಕಟ್ಟೆಯ ಮಿಲಾಗ್ರಿಸ್‌ಗೆ ಹೋಗಲು ಮಾರ್ಗ ದಾಟುವುದಕ್ಕೇ ಕಾಲು ಗಂಟೆ ಬೇಕಾಯಿತು. 1680ರಲ್ಲಿ ಬಿಷಪ್ ತೋಮಸ್ ದಿ ಕಾಸ್ತ್ರೊ ಕಟ್ಟಿಸಿದ ದೇವಾಲಯ, ಜಾಗ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಈಗ ನಿಂತಿರುವುದು 1911ರ ಕಟ್ಟಡ. ಕೆಳದಿ ಚೆನ್ನಮ್ಮ ಕೊಟ್ಟ ನೆಲ ಎಂದಾಗ ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಆವರಣದಲ್ಲೇ ಸಭಾಂಗಣವಿದೆ, ಪೇಟೆಯ ನಡುವಿದೆ, ರೈಲು ನಿಲ್ದಾಣ ಹತ್ತಿರ. ಎಲ್ಲ ಲೆಕ್ಕದಲ್ಲೂ ಇದೇ ಸರಿಯಾಗಿತ್ತು. ನಾವು ಕೇಳಿದ ದಿನಗಳು ಯಾವುವೂ ಖಾಲಿಯಿರಲಿಲ್ಲ. ಕೊಲ್ಲಿ ದೇಶಗಳಿಂದ ಮಕ್ಕಳು ಊರಿಗೆ ಬರುವುದು ಕ್ರಿಸ್‌ಮಸ್‌ಗೆ. ಅಲ್ಲಿಂದ ತಪಸ್ಸುಕಾಲದವರೆಗೆ ಸಿಗುವ ಕೆಲವೇ ವಾರಗಳಲ್ಲಿ ಕರಾವಳಿಯ ಮದುವೆಗಳೆಲ್ಲ ಒತ್ತಿ ಕೂರುತ್ತವೆ.

ಆ ಸಂಜೆ ಪೇಟೆಯ ಹೊರಗಿನ ಒಂದು ದೊಡ್ಡ ಖಾಸಗಿ ಸಭಾಂಗಣವನ್ನೂ ನೋಡಿದೆವು. ಅಡುಗೆಯವರು ಅವರದೇ, ಅಲಂಕಾರದವರು ಅವರದೇ, ಧ್ವನಿವರ್ಧಕ ಅವರದೇ. ನಮ್ಮ ಆಯ್ಕೆ ಏನಿದ್ದರೂ ಬಣ್ಣದ್ದು. ಬಾಗಿಲಿನಿಂದ ವೇದಿಕೆಗೆ ಅಜ್ಜಿ ನಡೆಯಬೇಕಾದ ದೂರ ನೋಡಿ ನನಗೆ ಆಯಾಸವಾಯಿತು. ರಾತ್ರಿ ತಂಗಿದಲ್ಲಿ ಗಂಜಿ, ಉಪ್ಪಿನಕಾಯಿ, ಹುರಿದ ಹಪ್ಪಳ. ತಪಸ್ಸುಕಾಲದ ಊಟ. ಮಗಳು ಕೇಳಿದಳು, "ಅಮ್ಮಾ, ನಿಮ್ಮ ಮದುವೆಗೆ ಜಾಗ ಯಾರು ಆರಿಸಿದರು?" ಯಾರೂ ಆರಿಸಲಿಲ್ಲ ಎಂದೆ. ಬಾಪ್ತಿಸ್ಮ ಆದ ಇಗರ್ಜಿಯಲ್ಲಿ ಮದುವೆ, ಇಗರ್ಜಿಯ ಶಾಲೆಯ ಅಂಗಳದಲ್ಲಿ ಚಪ್ಪರ. ಅದು ಪ್ರಶ್ನೆಯೇ ಆಗಿರಲಿಲ್ಲ. "ಅದನ್ನೇಕೆ ನೀವು ಇಲ್ಲಿಯವರೆಗೆ ಹೇಳಲಿಲ್ಲ?" ಎಂದಳು. ಯಾಕೆ ಹೇಳಲಿಲ್ಲ? ನನ್ನ ಊರನ್ನು ಅವಳ ಮೇಲೆ ಹೇರಬಾರದು ಎಂದುಕೊಂಡಿದ್ದೆ. ಮಾಯ್ ತೀರಿಕೊಂಡ ಮೇಲೆ ಆ ಇಗರ್ಜಿಗೆ ಹೋಗುವುದು ಕಷ್ಟವಾಗುತ್ತಿತ್ತು ಎಂಬುದೂ ನಿಜ. ಎರಡನೆಯದನ್ನು ಅವಳಿಗೆ ಹೇಳಲಿಲ್ಲ.

ಮರುದಿನ ಅತ್ತೂರು. ಅಜ್ಜಿಗೆ ಹರಕೆಯಿತ್ತು. 1759ರಿಂದ ಇರುವ ಸಂತ ಲಾರೆನ್ಸರ ಕ್ಷೇತ್ರ, 2016ರಲ್ಲಿ ಬಸಿಲಿಕ ಆಯಿತು. ಜನವರಿಯ ಜಾತ್ರೆಯಲ್ಲಿ ಎಲ್ಲ ಜಾತಿ ಮತದವರು ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಮಾರ್ಚಿನ ಬಿಸಿಲಿನಲ್ಲಿ ನಾವು ನಾಲ್ಕು ಜನ, ಇನ್ನೊಂದು ಕುಟುಂಬ, ಅಷ್ಟೇ. ಅಜ್ಜಿ ಹಚ್ಚಿದ ಬತ್ತಿ ಗಾಳಿಗೆ ಎರಡು ಸಲ ಆರಿತು, ಮೂರನೆಯ ಸಲ ಮಗಳು ಕೈ ಅಡ್ಡ ಹಿಡಿದಳು.

ಮಧ್ಯಾಹ್ನ ನನ್ನೂರು. ನನ್ನ ತಮ್ಮ ಇಗರ್ಜಿಯ ಅಂಗಳದಲ್ಲೇ ಕಾಯುತ್ತಿದ್ದ. ಬಂಟ್ವಾಳದಿಂದ ಒಳಗೆ, ಅಡಕೆ ತೋಟಗಳ ನಡುವೆ ಸಣ್ಣ ದಿಣ್ಣೆ, ದಿಣ್ಣೆಯ ಮೇಲೆ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಉದ್ದಕ್ಕೂ ಜಗಲಿ. ಹಿಂದೆ ಸ್ಮಶಾನ, ಅಲ್ಲಿ ಮಾಯ್ ಮತ್ತು ಬಾಪ್ಪಾ. ಎದುರು ಏಳು ಮೆಟ್ಟಿಲು. ನಾನು ಚಿಕ್ಕವಳಿದ್ದಾಗ ಎಷ್ಟಿತ್ತೋ ಅಷ್ಟೇ. ಅಜ್ಜಿ ಕೋಲೂರಿ ನಿಂತರು. ತಮ್ಮ, "ಅಜ್ಜೀ, ಈಚೆ ಬನ್ನಿ" ಎಂದು ಪಕ್ಕದ ಬಾಗಿಲಿಗೆ ಕರೆದುಕೊಂಡು ಹೋದ. ಆ ಕಡೆ ನೆಲ ಏರಿದೆ, ಜಗಲಿಗೆ ಸಮ. ಶವಪೆಟ್ಟಿಗೆ ಒಳಗೆ ತರಲು ಇರುವ ಬಾಗಿಲು ಅದು, ಮಾಯ್‌ಯನ್ನು ತಂದದ್ದೂ ಅಲ್ಲಿಂದಲೇ. ಅದನ್ನು ಹೇಳಬೇಕೋ ಬೇಡವೋ ಎಂದು ನಾನು ತಡವರಿಸುತ್ತಿರುವಾಗಲೇ ಅಜ್ಜಿ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಹೋಗಿಯಾಗಿತ್ತು.

ಒಳಗೆ ತಂಪು. ಹೆಂಚಿನ ಕೆಳಗೆ ಮರದ ಹಲಗೆಯ ಚಾವಣಿ, ನೆಲಕ್ಕೆ ಕೆಂಪು ಹೆಂಚು, ಪೀಠ ಬರಿದು. ನೇರಳೆ ಬಟ್ಟೆಯೊಂದೇ. ಅಜ್ಜಿ ಕೊನೆಯ ಬೆಂಚಿನಲ್ಲಿ ಕುಳಿತರು, ಮುಂದೆ ಬನ್ನಿ ಎಂದರೂ ಬರಲಿಲ್ಲ. ಯಾರೂ ಹೇಳದೆಯೇ ಹುಡುಗ ಪೀಠದ ಹತ್ತಿರ ಹೋಗಿ ನಿಂತು, ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಕೇಳಿದ:

"ಅಜ್ಜಿ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಕೂಗಬೇಡ."

ಮಗಳು ಅವನ ಪಕ್ಕಕ್ಕೆ ಹೋಗಿ ಕೊಂಕಣಿಯಲ್ಲಿ ಒಂದು ಮಾತು ಹೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು, "ಕೇಳಿಸ್ತು ಕಂದ, ತಿಳೀಲಿಲ್ಲ" ಎಂದರು.

ವಿಗಾರರು ಜಗಲಿಯಿಂದ ಬರುತ್ತಾ ಇದನ್ನು ಕೇಳಿಸಿಕೊಂಡಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ತಮ್ಮ ಕಚೇರಿಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಡಿಸಿ, ಕಾಗದದ ಮೇಲೆ ಬೇಕಾದದ್ದನ್ನೆಲ್ಲ ಬರೆದುಕೊಟ್ಟರು. ಇಬ್ಬರ ಧರ್ಮಕೇಂದ್ರಗಳಿಂದಲೂ ಪತ್ರ, ಹೊಸದಾಗಿ ತೆಗೆಸಿದ ಬಾಪ್ತಿಸ್ಮದ ಪ್ರಮಾಣಪತ್ರ, ಮದುವೆ ತಯಾರಿ ಶಿಬಿರದ ಪ್ರಮಾಣಪತ್ರ, ಮೂರು ಭಾನುವಾರ ಎರಡೂ ಕಡೆ ಪ್ರಕಟಣೆ. ಅವರಿಬ್ಬರಿಗೆ ತಡೆ ಏನಾದರೂ ಗೊತ್ತಿದ್ದವರು ಬಂದು ಹೇಳಲಿ ಎಂದು ಜನರ ಮುಂದೆ ಓದುವುದು. ಆಮೇಲೆ ಕಪಾಟಿನಿಂದ ಒಂದು ಉದ್ದನೆಯ ಪುಸ್ತಕ ತೆಗೆದರು. ನನ್ನ ಬಾಪ್ತಿಸ್ಮದ ಪುಟ. ಅದರ ಅಂಚಿನಲ್ಲಿ, ಬೇರೆ ಕೈಬರಹದಲ್ಲಿ, ನನ್ನ ಮದುವೆಯ ತಾರೀಖು ಮತ್ತು ಗಂಡನ ಹೆಸರು. ಎಲ್ಲೇ ಮದುವೆಯಾದರೂ ಬಾಪ್ತಿಸ್ಮವಾದ ಊರಿಗೆ ಸುದ್ದಿ ಕಳಿಸಿ ಅಂಚಿನಲ್ಲಿ ಹೀಗೆ ಬರೆಸುತ್ತಾರೆ ಎಂದು ವಿಗಾರರು ಮಕ್ಕಳಿಗೆ ವಿವರಿಸಿದರು. ನಾನು ಇದನ್ನು ಈವರೆಗೆ ನೋಡಿರಲಿಲ್ಲ. ನಾನು ಬರದೆ ಇದ್ದ ವರ್ಷಗಳಲ್ಲೂ ಅದು ಇಲ್ಲಿ ಇತ್ತು. ಅಜ್ಜಿ ಪುಸ್ತಕದ ಮೇಲೆ ಬೆರಳಿಟ್ಟು, "ನಮ್ಮ ಊರಿನ ಪುಸ್ತಕ ಊರು ಬಿಟ್ಟಾಗ ಬೇರೆ ಕಡೆ ಹೋಯ್ತಂತೆ. ಅದ್ರಲ್ಲಿ ನಾವೂ ಇರ್ತೀವಲ್ಲ ಫಾದರ್?" ಎಂದು ಕೇಳಿದರು. ಇರುತ್ತೀರಿ ಎಂದರು ವಿಗಾರರು, ಹುಡುಕಿಸಿ ಪ್ರತಿ ತರಿಸಿಕೊಡುತ್ತೇನೆ ಎಂದೂ ಹೇಳಿದರು.

ಭಾಷೆಯ ಮಾತು ಎತ್ತಿದ್ದು ಅವರೇ. ಗಾಯನ ವೃಂದ ಕೊಂಕಣಿಯಲ್ಲೇ ಹಾಡುತ್ತದೆ, ಪೂಜೆಯೂ ಕೊಂಕಣಿಯಲ್ಲಿರಲಿ. ವಾಚನ ಕನ್ನಡದಲ್ಲಿ ಇಡಬಹುದು. ಪ್ರಬೋಧನೆ ಎರಡರಲ್ಲೂ. "ಒಪ್ಪಿಗೆಯ ಮಾತು ಮಾತ್ರ ಒಂದೇ ಸಲ ಹೇಳುವುದು. ಯಾವ ಭಾಷೆಯಲ್ಲಿ ಎಂದು ನೀವು ನೀವೇ ಮಾತಾಡಿಕೊಳ್ಳಿ."

ಹುಡುಗ ಕನ್ನಡ ಎಂದ. ಮಗಳು ನನ್ನ ಕಡೆ ನೋಡಲಿಲ್ಲ. "ಇಲ್ಲಿಯವರಿಗೆಲ್ಲ ಕನ್ನಡ ಅರ್ಥವಾಗುತ್ತದೆ. ಅಜ್ಜಿಗೆ ಕೊಂಕಣಿ ಅರ್ಥವಾಗುವುದಿಲ್ಲ. ನಾನೂ ಕನ್ನಡದಲ್ಲೇ ಹೇಳುತ್ತೇನೆ."

ನನಗೆ ಚುಚ್ಚಿತು. ಸುಳ್ಳು ಹೇಳಲಾರೆ. ಅದೇ ಪೀಠದ ಮುಂದೆ ನಾನು ಕೊಂಕಣಿಯಲ್ಲಿ ಹೇಳಿದ್ದೆ, ಮಾಯ್ ಮೊದಲ ಬೆಂಚಿನಲ್ಲಿದ್ದಳು. ಶ್ರೀರಂಗಪಟ್ಟಣದ ಸೆರೆಯಲ್ಲೂ ನಮ್ಮವರು ಬಿಡದೆ ತಂದ ಮಾತು ಇದು ಎಂದು ಅವಳು ಹೇಳುತ್ತಿದ್ದಳು. ಅದು ಮೊಮ್ಮಗಳ ಬಾಯಲ್ಲಿ ಈ ಒಂದು ಗಳಿಗೆಯಲ್ಲಿ ಇರುವುದಿಲ್ಲ. ಮಗಳ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ಬೆಂಗಳೂರಿನಲ್ಲಿ ಹೂವಿನ ಕಮಾನಿನ ಚಿತ್ರ ತೋರಿಸುತ್ತಿದ್ದವಳು ಈಗ, ಕೊನೆಯ ಬೆಂಚಿನಲ್ಲಿ ಕುಳಿತ ಒಬ್ಬರಿಗೆ ತನ್ನ ಮಾತು ತಿಳಿಯಬೇಕು ಎನ್ನುತ್ತಿದ್ದಳು. ನಾನು ಎದ್ದು ಸ್ವಲ್ಪ ಹೊತ್ತು ಹಿಂದಿನ ಸ್ಮಶಾನಕ್ಕೆ ಹೋಗಿ ಬಂದೆ. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ ಮನೆಯ ಅಂಗಳದಲ್ಲೇ ಆಗಬೇಕು, ತೆಂಗಿನ ಹಾಲು ಹಚ್ಚುವಾಗ ವೊವಿಯೊ ಹಾಡಲು ಊರಿನ ಹಿರಿಯ ಹೆಂಗಸರನ್ನು ಕರೆಯಬೇಕು, ಇದಕ್ಕೆ ಯಾರೂ ಬೇಡ ಎನ್ನಬಾರದು ಎಂದು ಬಂದವಳೇ ಹೇಳಿದೆ. ಯಾರೂ ಬೇಡ ಎನ್ನಲಿಲ್ಲ. "ಅದೇನು ಹಾಡು, ನಂಗೂ ಹೇಳಿಕೊಡ್ತಾರಾ?" ಎಂದು ಅಜ್ಜಿ ತಮ್ಮನನ್ನು ಕೇಳಿದರು.

ಸಭಾಂಗಣದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಇಗರ್ಜಿಯ ಹಿಂದೆ ನಾನೂರು ಜನ ಕೂರುವ ಹಾಲ್ ಇದೆ, ಶಾಲೆಯ ಅಂಗಳ ಸೇರಿಸಿಕೊಂಡರೆ ಆರುನೂರು. ಪಕ್ಕದ ಬಾಗಿಲಿನಿಂದ ಅಲ್ಲಿಗೆ ಮೆಟ್ಟಿಲಿಲ್ಲದ ಸಮ ನೆಲ. ಅಡುಗೆಯ ಬಗ್ಗೆ ತಮ್ಮ ಮತ್ತು ಹುಡುಗನ ನಡುವೆ ಸನ್ನ, ಹಂದಿ ಮಾಂಸದ ಬಫಾತ್, ಹಾಸನದ ಬಾಡೂಟ ಎಂದು ಮಾತು ಬೆಳೆಯಿತು. ಅದು ಇನ್ನೂ ಮುಗಿದಿಲ್ಲ.

ಶನಿವಾರಗಳೆಲ್ಲ ಹೋಗಿದ್ದವು. ಜನವರಿಯ ಒಂದು ಮಂಗಳವಾರ ಉಳಿದಿತ್ತು. ವಿಗಾರರು ಮುಂದಿನ ವರ್ಷಕ್ಕೆಂದು ಗೆರೆ ಹಾಕಿಟ್ಟ ಪುಸ್ತಕ ತೆರೆದು, ಪೆನ್ನನ್ನು ಪಕ್ಕಕ್ಕಿಟ್ಟು, ಪೆನ್ಸಿಲ್ ಎತ್ತಿಕೊಂಡರು. ಬೆಳಿಗ್ಗೆ ಹತ್ತು ಗಂಟೆ ಎಂದು ಬರೆದರು. ಇಬ್ಬರ ಹೆಸರು ಬರೆದರು. ಕೆಳಗೆ ಸಣ್ಣ ಅಕ್ಷರದಲ್ಲಿ, ಪೂಜೆ ಕೊಂಕಣಿ, ಒಪ್ಪಿಗೆ ಕನ್ನಡ, ಪಕ್ಕದ ಬಾಗಿಲು ತೆರೆದಿಡುವುದು ಎಂದು ಬರೆದುಕೊಂಡರು.

"ಬೆಂಗಳೂರಿನಿಂದ, ಹಾಸನದಿಂದ ಪತ್ರ ಬರಲಿ. ಆಮೇಲೆ ಪೆನ್ನಿನಲ್ಲಿ ಬರೆಯೋಣ" ಎಂದು ಪುಸ್ತಕ ಮುಚ್ಚಿದರು.